ಇಡ್ಲಿ ಹಿಟ್ಟಿನಿಂದ ಬಸಳೆ ಚಪ್ಪರದವರೆಗೆ

ಪರೀಕ್ಷೆಯ ದಿನಗಳು ಹತ್ತಿರ ಬಂದವೆಂದರೆ ಮಕ್ಕಳಿರುವ ಮನೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: 'ಅಡುಗೆಮನೆಯಲ್ಲಿ ನಿನಗೇನು ಕೆಲಸ? ಹೋಗಿ ಓದಿಕೋ.' ಮಗು ಕೋಣೆಗೆ ಹೋಗಿ, ಸೋಡಿಯಂ ಬೈಕಾರ್ಬೊನೇಟನ್ನು ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ ಎಂಬ ವಾಕ್ಯವನ್ನು ಬಾಯಿಪಾಠ ಮಾಡುತ್ತದೆ. ಅದೇ ಹೊತ್ತಿಗೆ ಗೋಡೆಯ ಆಚೆ ತಾಯಿ ಹಿಟ್ಟಿಗೆ ಚಿಟಿಕೆ ಸೋಡಾ ಹಾಕಿ ಅದೇ ಕ್ರಿಯೆಯನ್ನು ನಡೆಸುತ್ತಿರುತ್ತಾಳೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಔಷಧಕ್ಕೆ ಮಾತ್ರವಲ್ಲ, ವಿಜ್ಞಾನಕ್ಕೂ ಸಲ್ಲುತ್ತದೆ.

ಇದರಿಂದ ನಷ್ಟವೇನು ಎಂದು ಕೇಳಬಹುದು. ಒಂದು ಸರಳ ಪ್ರಶ್ನೆಯಿಂದ ಅದು ಗೊತ್ತಾಗುತ್ತದೆ. ಅಂಗೈಯಲ್ಲಿ ಹಿಡಿಯುವ ಬೀಜದಿಂದ ಹುಟ್ಟಿದ ಹಲಸಿನ ಮರ ಮುಂದೆ ಟನ್ನುಗಟ್ಟಲೆ ತೂಗುತ್ತದೆ. ಆ ತೂಕದ ಮರಮಟ್ಟು ಎಲ್ಲಿಂದ ಬಂತು? 'ಮಣ್ಣಿನಿಂದ' ಎಂದು ಉತ್ತರಿಸುವವರು ಪದವೀಧರರಲ್ಲೂ ಇದ್ದಾರೆ. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ತಪ್ಪಿಲ್ಲದೆ ಬರೆದು ಪೂರ್ತಿ ಅಂಕ ಪಡೆದವರೂ ಹೀಗೆಯೇ ಹೇಳುವುದುಂಟು. ಸಮೀಕರಣ ಪುಸ್ತಕದಲ್ಲಿ ಉಳಿಯಿತು, ಮರ ಹಿತ್ತಲಿನಲ್ಲಿ ಉಳಿಯಿತು. ಎರಡರ ಭೇಟಿ ಆಗಲೇ ಇಲ್ಲ.

ಈ ಭೇಟಿ ಮಾಡಿಸಲು ದುಬಾರಿ ಪ್ರಯೋಗಾಲಯ ಬೇಕಿಲ್ಲ. ಇಂಗಾಲದ ಡೈಆಕ್ಸೈಡ್ ಎಂಬ ಒಂದೇ ಅನಿಲವನ್ನು ಅಡುಗೆಮನೆಯಿಂದ ಕೈತೋಟದವರೆಗೆ ಹಿಂಬಾಲಿಸಿದರೆ ಸಾಕು.

ರಾತ್ರಿ ಪಾಳಿಯ ಕೆಲಸಗಾರರು

ಮೊದಲು ಇಡ್ಲಿಯನ್ನೇ ನೋಡೋಣ. ಸುಮಾರು ಕ್ರಿ.ಶ. 920ರ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಎಂಬ ತಿಂಡಿಯ ಹೆಸರು ಬರುತ್ತದೆ. ಅಂದಿನ ಇಡ್ಡಲಿಗೆ ಇಂದಿನ ಇಡ್ಲಿಯಂತೆಯೇ ಇರಬೇಕೆಂದಿಲ್ಲವಾದರೂ ಹೆಸರಿನ ನಂಟು ಸಾವಿರ ವರ್ಷಕ್ಕೂ ಹಳೆಯದು.

ರಾತ್ರಿ ಅರ್ಧ ಪಾತ್ರೆಯಿದ್ದ ಹಿಟ್ಟು ಬೆಳಗಾಗುವಷ್ಟರಲ್ಲಿ ಅಂಚಿಗೆ ಬಂದಿರುತ್ತದೆ. ಇದು ಬೇಳೆ, ಅಕ್ಕಿಗಳ ಜತೆಗೇ ಬಂದ ಸೂಕ್ಷ್ಮಜೀವಿಗಳ ಕೆಲಸ. ಇವುಗಳಲ್ಲಿ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯ ಮುಖ್ಯವಾದುದು. ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವನ್ನು ತಿಂದು ಅದು ಒಂದೆಡೆ ಲ್ಯಾಕ್ಟಿಕ್ ಆಮ್ಲವನ್ನೂ ಇನ್ನೊಂದೆಡೆ ಇಂಗಾಲದ ಡೈಆಕ್ಸೈಡನ್ನೂ ಹೊರಬಿಡುತ್ತದೆ. ಹುಳಿಗೆ ಮೊದಲನೆಯದು ಕಾರಣ, ಉಬ್ಬಿಗೆ ಎರಡನೆಯದು.

ಅನಿಲ ಹುಟ್ಟಿದರೆ ಸಾಲದು, ಅದು ನಿಲ್ಲಬೇಕು. ಅದಕ್ಕಾಗಿಯೇ ಉದ್ದು. ಉದ್ದಿನ ಬೇಳೆಯಲ್ಲಿರುವ ಲೋಳೆ ಮತ್ತು ಪ್ರೋಟೀನುಗಳು ಗುಳ್ಳೆಗಳನ್ನು ಒಡೆಯಗೊಡದೆ ಹಿಡಿದಿಡುತ್ತವೆ. ಬರೀ ಅಕ್ಕಿ ಹಿಟ್ಟು ಹುಳಿ ಬರಬಹುದು, ಹೀಗೆ ಉಬ್ಬಿ ನಿಲ್ಲದು. ಹುದುಗಿದ ಹಿಟ್ಟನ್ನು ಜೋರಾಗಿ ಕಲಕಬೇಡ ಎಂದು ಅಜ್ಜಿ ಹೇಳುವುದರ ಅರ್ಥವೂ ಇದೇ. ಡಿಸೆಂಬರಿನಲ್ಲಿ ಮಡಿಕೇರಿಯ ಹಿಟ್ಟು ಏಳಲು ತಡವಾಗುತ್ತದೆ, ಮೇ ತಿಂಗಳ ಉಡುಪಿಯಲ್ಲಿ ಬೇಗ ಹುಳಿಯಾಗುತ್ತದೆ. ಚಳಿಯಲ್ಲಿ ಪಾತ್ರೆಗೆ ಕಂಬಳಿ ಸುತ್ತುವ ಗೃಹಿಣಿ, ಉಷ್ಣತೆ ಹೆಚ್ಚಿದರೆ ಜೀವಕ್ರಿಯೆಯ ವೇಗ ಹೆಚ್ಚುತ್ತದೆ ಎಂಬ ನಿಯಮವನ್ನು ಪುಸ್ತಕ ನೋಡದೆಯೇ ಬಳಸುತ್ತಾಳೆ.

ಸೋಡಾ ಮತ್ತು ಮೊಸರಿನ ಲೆಕ್ಕ

ರಾತ್ರಿಯಿಡೀ ಕಾಯಲು ಆಗದಿದ್ದರೆ? ಆಗ ಸೂಕ್ಷ್ಮಜೀವಿಯ ಕೆಲಸವನ್ನು ರಸಾಯನಶಾಸ್ತ್ರ ವಹಿಸಿಕೊಳ್ಳುತ್ತದೆ. ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದ ಕಾಲದಲ್ಲಿ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನಲ್ಲಿ ರವೆ ಇಡ್ಲಿ ರೂಪುಗೊಂಡಿತೆಂದು ಪ್ರಸಿದ್ಧಿ. ರವೆ, ಮೊಸರು, ಸೋಡಾ ಸೇರಿಸಿದ ಅರ್ಧ ಗಂಟೆಯೊಳಗೆ ತಟ್ಟೆ ಒಲೆಯೇರುತ್ತದೆ. ಮನೆಯಲ್ಲಿ ಮೊಟ್ಟೆಯಿಲ್ಲದೆ ಮಾಡುವ ಕೇಕಿನ ಹಿಂದಿರುವುದೂ ಇದೇ ಮೊಸರು-ಸೋಡಾ ಜೋಡಿ.

ಇಲ್ಲಿ ವಿದ್ಯಾರ್ಥಿಗಳು ಮಾಡಬಹುದಾದ ಒಂದು ಲೆಕ್ಕವಿದೆ. ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಇದನ್ನು ಬರೀ ಕಾಯಿಸಿದರೆ 84 ಗ್ರಾಂ ಸೋಡಾದಿಂದ 22 ಗ್ರಾಂ ಇಂಗಾಲದ ಡೈಆಕ್ಸೈಡ್ ದೊರೆಯುತ್ತದೆ. ಸಾಕಷ್ಟು ಆಮ್ಲ ಜತೆಗಿದ್ದರೆ ಅದೇ 84 ಗ್ರಾಂನಿಂದ 44 ಗ್ರಾಂ, ಅಂದರೆ ಸರಿಯಾಗಿ ಎರಡು ಪಟ್ಟು. ಒಂದು ಚಹಾ ಚಮಚೆಯಷ್ಟು, ಸುಮಾರು 5 ಗ್ರಾಂ ಸೋಡಾ, ಪೂರ್ತಿ ಮೊಸರಿನ ಆಮ್ಲದೊಡನೆ ಸೇರಿದರೆ ಕೋಣೆಯ ಉಷ್ಣತೆಯಲ್ಲಿ ಒಂದೂವರೆ ಲೀಟರಿಗೆ ಸಮೀಪದಷ್ಟು ಅನಿಲ ಹುಟ್ಟುತ್ತದೆ. ಚಿಟಿಕೆ ಸಾಕು ಎನ್ನುವುದು ಇದಕ್ಕೇ.

ಆಮ್ಲ ಸಾಲದಿದ್ದಾಗ ಇನ್ನೊಂದು ತೊಂದರೆಯೂ ಇದೆ. ಬರೀ ಕಾಯ್ದ ಸೋಡಾ ತನ್ನ ಹಿಂದೆ ಸೋಡಿಯಂ ಕಾರ್ಬೊನೇಟನ್ನು, ಅಂದರೆ ಬಟ್ಟೆ ಒಗೆಯುವ ಸೋಡಾದ ಅಂಶವನ್ನು ಬಿಟ್ಟುಹೋಗುತ್ತದೆ. ಕೇಕು ಸಾಬೂನಿನ ವಾಸನೆ ಹೊಡೆಯಿತು ಎಂದು ದೂರುವವರು ಸೋಡಾವನ್ನು ಶಪಿಸುವ ಬದಲು ಮೊಸರಿನ ಹುಳಿಯನ್ನು ವಿಚಾರಿಸಬೇಕು. ಮೊಸರು, ಸೋಡಾ ಸೇರಿದ ಕೂಡಲೇ ಅನಿಲ ಹೊರಡಲು ಆರಂಭಿಸುವುದರಿಂದ ಕಲಸಿದ ಹಿಟ್ಟನ್ನು ಹೆಚ್ಚು ಹೊತ್ತು ಇಡುವುದೂ ಸಲ್ಲ. ಬೇಕಿಂಗ್ ಪೌಡರ್‌ನಲ್ಲಿ ಸೋಡಾದ ಜತೆಗೆ ಒಣ ಆಮ್ಲೀಯ ಪುಡಿಯನ್ನೂ, ತೇವ ತಗಲದಿರಲೆಂದು ಪಿಷ್ಟವನ್ನೂ ಬೆರೆಸಿರುತ್ತಾರೆ. ಬಿಸಿನೀರಿಗೆ ಚಿಟಿಕೆ ಹಾಕಿದಾಗ ನೊರೆ ಬಾರದಿದ್ದರೆ ಡಬ್ಬಿ ಹಳೆಯದಾಗಿದೆ ಎಂದೇ ಅರ್ಥ.

ಬ್ರೆಡ್ಡಿನಲ್ಲಿ ಮಾತ್ರ ಮತ್ತೆ ಜೀವಿಗಳದೇ ಕಾರುಬಾರು. ಅಲ್ಲಿ ಕೆಲಸ ಮಾಡುವುದು ಯೀಸ್ಟ್ ಎಂಬ ಏಕಕೋಶ ಶಿಲೀಂಧ್ರ. ಉದ್ದಿನ ಲೋಳೆಯ ಪಾತ್ರವನ್ನು ಅಲ್ಲಿ ಗೋಧಿಯ ಜಿಗುಟಾದ ಗ್ಲುಟೆನ್ ವಹಿಸುತ್ತದೆ. ಹುದುಗುವಿಕೆ ಸತ್ತ ವಸ್ತುವಿನ ಕೊಳೆತವಲ್ಲ, ಬದುಕಿರುವ ಜೀವಿಗಳ ಕ್ರಿಯೆ ಎಂಬುದನ್ನು ಫ್ರಾನ್ಸಿನ ಲೂಯಿ ಪಾಸ್ಚರ್ 1857ರಿಂದ ಮುಂದಿನ ವರ್ಷಗಳಲ್ಲಿ ತೋರಿಸಿಕೊಟ್ಟರು. ಕುದಿಯುವ ನೀರಿಗೆ ಯೀಸ್ಟ್ ಹಾಕಿದರೆ ಹಿಟ್ಟು ಏಳದಿರುವುದಕ್ಕೆ ಕಾರಣವೂ ಇದೇ: ಕೆಲಸಗಾರರು ಸತ್ತಿರುತ್ತಾರೆ.

ಅರಿಸಿನ, ಸುಣ್ಣ, ರಂಗೋಲಿ

ಅಡುಗೆಮನೆಯಿಂದ ಅಂಗಳಕ್ಕೆ ಬರುವ ದಾರಿಯಲ್ಲಿಯೇ ಕೆಲವು ಕುತೂಹಲಗಳಿವೆ. ಅರಿಸಿನ ಹಾಕಿದ ಢೋಕ್ಲಾದಲ್ಲಿ ಕೆಲವೊಮ್ಮೆ ಕೆಂಪು ಚುಕ್ಕೆಗಳು ಕಾಣುತ್ತವೆ. ಸೋಡಾ ಸರಿಯಾಗಿ ಬೆರೆಯದೆ ಅಲ್ಲಲ್ಲಿ ಉಳಿದಿದೆ ಎಂಬುದಕ್ಕೆ ಅವು ಸಾಕ್ಷಿ. ಅರಿಸಿನವು ಆಮ್ಲದಲ್ಲಿ ಹಳದಿಯಾಗಿಯೇ ಇದ್ದು, ಪ್ರತ್ಯಾಮ್ಲದಲ್ಲಿ ಕೆಂಪಾಗುವ ಸೂಚಕ. ಆರತಿಯ ನೀರು ಕೆಂಪಾಗುವುದು ಅರಿಸಿನಕ್ಕೆ ಸುಣ್ಣ ಸೇರಿದ್ದರಿಂದಲೇ. ಬಿಳಿ ಕಾಗದಕ್ಕೆ ಅರಿಸಿನದ ನೀರು ಬಳಿದು ಒಣಗಿಸಿ, ಹತ್ತಿ ಸುತ್ತಿದ ಕಡ್ಡಿಯನ್ನು ಸಾಬೂನಿನ ನೀರಿನಲ್ಲದ್ದಿ ಬರೆದರೆ ಕೆಂಪು ಅಕ್ಷರಗಳ ಚೆಂದದ ಶುಭಾಶಯ ಪತ್ರ ಸಿದ್ಧ. ಅಕ್ಷರದ ಮೇಲೆ ನಿಂಬೆರಸ ತಾಗಿಸಿದರೆ ಮತ್ತೆ ಹಳದಿ.

ಇನ್ನು ಸುಣ್ಣ. ಗೋಡೆಗೆ ಬಳಿದ ಸುಣ್ಣ ಒಣಗಿ ಗಟ್ಟಿಯಾಗುವುದು ಬರೀ ನೀರು ಆರಿದ್ದರಿಂದಲ್ಲ. ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಮತ್ತೆ ಸುಣ್ಣಕಲ್ಲಾಗುತ್ತದೆ. ಸುಣ್ಣದ ತಿಳಿನೀರಿಗೆ ಉಸಿರು ಊದಿದಾಗ ಅದು ಹಾಲಿನಂತಾಗುವುದೂ ಇದೇ ಕಾರಣಕ್ಕೆ. ಈ ಅನಿಲ ನಮ್ಮ ಉಸಿರಿನಲ್ಲೂ ಹುದುಗುವ ದ್ರವದಿಂದೇಳುವ ಗಾಳಿಯಲ್ಲೂ ಇದೆಯೆಂದು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1750ರ ದಶಕದಲ್ಲಿ ಕಂಡುಕೊಂಡದ್ದು ಸುಣ್ಣದ ತಿಳಿನೀರಿನಿಂದಲೇ. ಮೊಟ್ಟೆಯ ಚಿಪ್ಪಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಇದೇ ಕ್ಯಾಲ್ಸಿಯಂ ಕಾರ್ಬೊನೇಟ್. ಚಿಪ್ಪಿಗಾಗಲಿ ರಂಗೋಲಿ ಪುಡಿಗಾಗಲಿ ನಿಂಬೆರಸದ ಹನಿ ಬಿಟ್ಟು ನೋಡಬಹುದು. ಗುಳ್ಳೆಗಳೆದ್ದರೆ ಅದರಲ್ಲಿ ಸುಣ್ಣಕಲ್ಲಿನ ಅಂಶವಿದೆ ಎಂದು ತಿಳಿಯಬೇಕು.

ಒಬ್ಬ ವಿಜ್ಞಾನಿ, ಒಂದು ಕುಂಡ

ಈಗ ಹಲಸಿನ ಮರದ ಪ್ರಶ್ನೆಗೆ ಮರಳೋಣ. ಇದನ್ನು ತಕ್ಕಡಿಯಿಟ್ಟು ಕೇಳಿದವರಲ್ಲಿ ಬ್ರಸೆಲ್ಸ್ ಸೀಮೆಯ ಫಾನ್ ಹೆಲ್ಮಾಂಟ್ ಪ್ರಸಿದ್ಧ. ಅವರು ದೊಡ್ಡ ಕುಂಡದಲ್ಲಿ 200 ಪೌಂಡ್ ಒಣಗಿಸಿದ ಮಣ್ಣು ತುಂಬಿ, 5 ಪೌಂಡ್ ತೂಕದ ವಿಲ್ಲೋ ಸಸಿಯನ್ನು ನೆಟ್ಟು, ನೀರು ಮಾತ್ರ ಕೊಟ್ಟು ಬೆಳೆಸಿದರು. ಐದು ವರ್ಷಗಳ ನಂತರ ಮರ ಸುಮಾರು 169 ಪೌಂಡ್ ತೂಗಿತು. ಮಣ್ಣನ್ನು ಒಣಗಿಸಿ ತೂಗಿದಾಗ ಕಡಿಮೆಯಾದದ್ದು ಎರಡು ಔನ್ಸ್, ಅಂದರೆ 60 ಗ್ರಾಂನಷ್ಟೂ ಅಲ್ಲ! ಮರವೆಲ್ಲ ನೀರಿನಿಂದಲೇ ಆಯಿತೆಂದು ಅವರು ತೀರ್ಮಾನಿಸಿದರು. ಅವರು ತೀರಿಕೊಂಡ ಮೇಲೆ 1648ರಲ್ಲಿ ಈ ವಿವರ ಪ್ರಕಟವಾಯಿತು.

ತೂಕ ಸರಿಯಿತ್ತು, ತೀರ್ಮಾನ ಅರ್ಧ ಮಾತ್ರ ಸರಿಯಿತ್ತು. ಸ್ವಾರಸ್ಯದ ಸಂಗತಿಯೆಂದರೆ 'ಗ್ಯಾಸ್' ಎಂಬ ಪದವನ್ನು ಸೃಷ್ಟಿಸಿದವರೂ ಇದೇ ಫಾನ್ ಹೆಲ್ಮಾಂಟ್. ಇದ್ದಿಲು ಉರಿದಾಗ ಮತ್ತು ರಸಗಳು ಹುದುಗಿದಾಗ ಹೊರಬರುವ ಅನಿಲ ಒಂದೇ ಎಂದು ಅವರು ಗುರುತಿಸಿದ್ದರು. ತನ್ನ ವಿಲ್ಲೋ ಮರ ಅದೇ ಅನಿಲವನ್ನು ಎಲೆಗಳಿಂದ ಕುಡಿಯುತ್ತಿದೆ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಹಸಿರು ಭಾಗಗಳ ಈ ಕೆಲಸಕ್ಕೆ ಬೆಳಕು ಬೇಕೆಂದು ಇಂಗೆನ್‌ಹೌಸ್ 1779ರಲ್ಲಿ ತೋರಿಸಿದರು. ಅನಿಲ ಮತ್ತು ನೀರು ಎರಡೂ ಸೇರಿ ಸಸ್ಯದ ತೂಕವಾಗುತ್ತವೆ ಎಂಬುದನ್ನು ಜಿನೀವಾದ ಡಿ ಸೊಸ್ಯೂರ್ 1804ರಲ್ಲಿ ಅಳತೆಗಳೊಂದಿಗೆ ಮುಂದಿಟ್ಟರು.

ಗಾಳಿಯ ಹತ್ತು ಸಾವಿರ ಭಾಗಗಳಲ್ಲಿ ಈ ಅನಿಲ ಇರುವುದು ನಾಲ್ಕು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಅಷ್ಟರಿಂದಲೇ ಚಪ್ಪರದ ಬಸಳೆಯೂ ಹಿತ್ತಲಿನ ಹಲಸೂ ಮೈತುಂಬಿಕೊಳ್ಳುತ್ತವೆ. ನೀರಿನಂಶ ಕಳೆದರೆ ಸಸ್ಯದ ಒಣ ತೂಕದ ಅರ್ಧಕ್ಕೆ ಸಮೀಪ ಇಂಗಾಲ. ಅದೆಲ್ಲ ಬಂದದ್ದು ಗಾಳಿಯಿಂದ. ಹಾಗೆಂದು ಮಣ್ಣು ಬೇಡವೆಂದಲ್ಲ. ಸಾರಜನಕ, ರಂಜಕ, ಪೊಟ್ಯಾಸಿಯಂಗಳನ್ನು ಬೇರು ಮಣ್ಣಿನಿಂದಲೇ ಪಡೆಯಬೇಕು. ಅಡುಗೆಗೆ ಉಪ್ಪಿನಂತೆ ಇವುಗಳ ಪ್ರಮಾಣ ಕಡಿಮೆ, ಇಲ್ಲದಿದ್ದರೆ ನಡೆಯದು.

ಕೈತೋಟದ ಮೂಲೆಯ ಗೊಬ್ಬರದ ಗುಂಡಿಯಲ್ಲಿ ಈ ಪಯಣ ಹಿಮ್ಮುಖವಾಗುತ್ತದೆ. ಬುಟ್ಟಿ ಬುಟ್ಟಿ ಸಿಪ್ಪೆ, ತರಗೆಲೆ ಹಾಕಿದರೂ ರಾಶಿ ಕೆಲವು ವಾರಗಳಲ್ಲಿ ಕುಗ್ಗುತ್ತದೆ. ಸೂಕ್ಷ್ಮಜೀವಿಗಳು ಅದನ್ನು ತಿಂದು, ಇಂಗಾಲದ ದೊಡ್ಡ ಪಾಲನ್ನು ಗಾಳಿಗೆ ಮರಳಿಸಿರುತ್ತವೆ. ಹಸಿ ಸಿಪ್ಪೆಯ ಜತೆ ಒಣ ಎಲೆ ಹಾಕಿ, ಹಿಂಡಿದ ಬಟ್ಟೆಯಷ್ಟು ತೇವವಿರಿಸಿ, ವಾರಕ್ಕೊಮ್ಮೆ ಮಗುಚಿದರೆ ದುರ್ವಾಸನೆ ಬಾರದು. ನಾತ ಬಂದರೆ ಒಳಗೆ ಗಾಳಿ ಸಾಲದೆಂದು ಅರ್ಥ. ಇಡ್ಲಿ ಹಿಟ್ಟಿನಿಂದ ಹೊರಟ ಅನಿಲವೂ ಗೊಬ್ಬರದ ಗುಂಡಿಯಿಂದೆದ್ದ ಅನಿಲವೂ ಒಂದೇ ಗಾಳಿಯಲ್ಲಿ ಬೆರೆಯುತ್ತವೆ. ಬಸಳೆಯ ಎಲೆ ಅದರಿಂದಲೇ ತನ್ನ ಪಾಲನ್ನು ಪಡೆಯುತ್ತದೆ.

ಮಾಡಿ ನೋಡಿ

1. ಎರಡು ಗಾಜಿನ ಲೋಟಗಳಲ್ಲಿ ಅರ್ಧದಷ್ಟು ಇಡ್ಲಿ ಹಿಟ್ಟು ಹಾಕಿ ಮಟ್ಟವನ್ನು ಗುರುತಿಸಿ. ಒಂದನ್ನು ಒಲೆಯ ಬಳಿಯ ಬೆಚ್ಚನೆಯ ಜಾಗದಲ್ಲೂ ಇನ್ನೊಂದನ್ನು ಫ್ರಿಜ್ಜಿನಲ್ಲೋ ತಣ್ಣನೆಯ ನೀರಿನ ಬೋಗುಣಿಯಲ್ಲೋ ಇಡಿ. ಗಂಟೆಗೊಮ್ಮೆ ಅಳೆದು ನಕ್ಷೆ ಬರೆಯಿರಿ.

2. ರವೆ ಇಡ್ಲಿಯನ್ನು ಮೂರು ಬಗೆಯಲ್ಲಿ ಬೇಯಿಸಿ: ಮೊಸರು ಹಾಕಿ ಸೋಡಾ ಇಲ್ಲದೆ, ನೀರು ಮತ್ತು ಸೋಡಾ ಹಾಕಿ, ಮೊಸರು ಮತ್ತು ಸೋಡಾ ಎರಡನ್ನೂ ಹಾಕಿ. ಮೂರಕ್ಕೂ ರವೆಯ ಅಳತೆ ಒಂದೇ ಇರಲಿ. ಎತ್ತರವನ್ನು ಅಳೆದು, ರುಚಿಯನ್ನು ಬರೆದಿಡಿ.

3. ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರು, ಎರಡು ಚಮಚೆ ಸಕ್ಕರೆ, ಒಂದು ಚಮಚೆ ಯೀಸ್ಟ್ ಹಾಕಿ ಬಾಯಿಗೆ ಬಲೂನ್ ಸಿಕ್ಕಿಸಿ. ಬಲೂನ್ ಎಷ್ಟು ಹೊತ್ತಿಗೆ ನಿಲ್ಲುತ್ತದೆ ನೋಡಿ.

ಒಲೆಯ ಬಳಿ ಹಿರಿಯರೊಬ್ಬರು ಇರಲೇಬೇಕು. ಸುಣ್ಣ ಕಣ್ಣಿಗೆ ಅಪಾಯಕಾರಿ. ತಿಳಿನೀರಿಗೆ ಕೊಳವೆಯಿಂದ ಊದಬೇಕೇ ಹೊರತು ಹೀರಬಾರದು.

ತಂದೆತಾಯಿಗಳು ಇದಕ್ಕೆ ಕೊಡಬೇಕಾದದ್ದು ಭಾನುವಾರದ ಒಂದು ಗಂಟೆ ಮತ್ತು ನಲವತ್ತು ಪುಟದ ಒಂದು ನೋಟುಪುಸ್ತಕ. ಅಡುಗೆ ಹೆಣ್ಣುಮಕ್ಕಳ ಕೆಲಸ, ಗುದ್ದಲಿ ಗಂಡುಮಕ್ಕಳ ಕೆಲಸ ಎಂಬ ಭೇದವನ್ನು ಈ ಒಂದು ಗಂಟೆಯ ಮಟ್ಟಿಗಾದರೂ ಬದಿಗಿಡಬೇಕು. ಇಡ್ಲಿ ಗಟ್ಟಿಯಾದರೆ ಗದರಿಸುವ ಅಗತ್ಯವಿಲ್ಲ. 'ಯಾಕೆ ಹೀಗಾಯಿತು?' ಎಂದು ಕೇಳಿ, ಮಗು ಹೇಳಿದ ಕಾರಣವನ್ನು ಮುಂದಿನ ಭಾನುವಾರ ಪರೀಕ್ಷಿಸಲು ಬಿಟ್ಟರೆ ಸಾಕು. ಹೀಗೆ ಕಲಿತ ಮಗುವಿಗೆ ಪರೀಕ್ಷೆಯಲ್ಲಿ ಸಮೀಕರಣ ಮರೆತುಹೋದರೂ ಅದನ್ನು ಮತ್ತೆ ಕಟ್ಟಿಕೊಳ್ಳುವ ದಾರಿ ಗೊತ್ತಿರುತ್ತದೆ.