ಬಾಗಿದ ತಂತಿಯ ಬಲ

ಮಾಟುಂಗದ ಮಾರುಕಟ್ಟೆಯಲ್ಲಾಗಲಿ, ಡೊಂಬಿವಲಿಯಿಂದ ಹೊರಡುವ ಮುಂಜಾನೆಯ ಲೋಕಲ್ ಗಾಡಿಯಲ್ಲಾಗಲಿ, ನಕ್ಕರೆ ಹಲ್ಲಿನ ಸಾಲಿನುದ್ದಕ್ಕೂ ಲೋಹದ ಎಳೆಯೊಂದು ಮಿನುಗುವ ಹದಿಹರೆಯದ ಮುಖಗಳು ಇಂದು ಅಪರೂಪವಲ್ಲ. ಕ್ಲಿಪ್ಪು ಹಾಕಿಸಿಕೊಂಡ ಮಗುವಿನ ತಾಯಿತಂದೆಗಳನ್ನು ಈ ಚಿಕಿತ್ಸೆಯ ಮರ್ಮವೇನೆಂದು ಕೇಳಿದರೆ, ವೈದ್ಯರು ತಿಂಗಳಿಗೊಮ್ಮೆ ತಂತಿಯನ್ನು ಟೈಟ್ ಮಾಡುತ್ತಾರೆ, ಬಿಗಿದಷ್ಟೂ ಹಲ್ಲು ಬೇಗ ಸರಿಯುತ್ತದೆ ಎಂಬ ಉತ್ತರವೇ ಪ್ರಾಯಶಃ ದೊರಕುವುದು. ಈ ಉತ್ತರದಲ್ಲಿರುವ ಸತ್ಯಾಂಶ ಅತ್ಯಲ್ಪ. ತಂತಿ ಎಷ್ಟು ಬಿಗಿಯಾಗಿದೆ ಎಂಬುದಕ್ಕಿಂತ ಅದು ಯಾವ ಆಕಾರದಲ್ಲಿದೆ, ಎಲ್ಲಿ ಬಾಗಿದೆ, ಆ ಬಾಗು ಯಾವ ಹಲ್ಲಿಗೆ ಎಷ್ಟು ಸಮೀಪದಲ್ಲಿದೆ ಎಂಬ ಸಂಗತಿಗಳೇ ಹಲ್ಲಿನ ಗತಿಯನ್ನು ನಿರ್ಧರಿಸತಕ್ಕವು.

ಯಂತ್ರದ ರಚನೆ ಸರಳವಾದದ್ದು. ಪ್ರತಿಯೊಂದು ಹಲ್ಲಿನ ಮುಖಕ್ಕೂ ಬ್ರಾಕೆಟ್ ಎಂಬ ಪುಟ್ಟ ಲೋಹದ ತುಣುಕನ್ನು ಅಂಟಿಸುತ್ತಾರೆ. ಅದರ ನಡುವೆ ಅಡ್ಡಲಾಗಿ ಒಂದು ಸೀಳು, ಅದರ ಅಗಲ ಸಾಮಾನ್ಯವಾಗಿ 0.018 ಅಥವಾ 0.022 ಅಂಗುಲ, ಎಂದರೆ ಅರ್ಧ ಮಿಲಿಮೀಟರಿನ ಆಸುಪಾಸು. ಈ ಸೀಳುಗಳೆಲ್ಲವನ್ನೂ ಪೋಣಿಸಿಕೊಂಡು ಒಂದು ಕಡೆಯ ದವಡೆಹಲ್ಲಿನಿಂದ ಮತ್ತೊಂದು ಕಡೆಯದರವರೆಗೆ ಕಮಾನಿನಂತಿರುವ ತಂತಿ ಹಾಯುತ್ತದೆ. ಹಲ್ಲುಗಳು ಅಂಕುಡೊಂಕಾಗಿರುವುದರಿಂದ ತಂತಿ ಅವುಗಳ ಮೂಲಕ ಹಾಯುವಾಗ ತಾನೂ ಅಂಕುಡೊಂಕಾಗಲೇಬೇಕು. ಆದರೆ ಸ್ಥಿತಿಸ್ಥಾಪಕ ಗುಣವುಳ್ಳ ಆ ಲೋಹ ತನ್ನ ಮೂಲಾಕೃತಿಗೆ ಮರಳಲು ಎಡೆಬಿಡದೆ ಯತ್ನಿಸುತ್ತದೆ, ಆ ಯತ್ನದಲ್ಲಿ ಹಲ್ಲುಗಳನ್ನೂ ತನ್ನೊಡನೆ ಸೆಳೆದುಕೊಳ್ಳುತ್ತದೆ.

ಸೆಳೆದೊಡನೆ ಹಲ್ಲು ಬರುವುದೆಂತು? ಹಲ್ಲಿನ ಬೇರಿಗೂ ಅದನ್ನು ಹಿಡಿದಿರುವ ಎಲುಬಿಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ದಪ್ಪದ ತಂತುಮಯ ಪದರವೊಂದಿದೆ. ಬಲ ಬಿದ್ದಾಗ ಈ ಪದರ ಒಂದು ಪಕ್ಕದಲ್ಲಿ ಒತ್ತಲ್ಪಟ್ಟು, ಇನ್ನೊಂದು ಪಕ್ಕದಲ್ಲಿ ಹಿಗ್ಗುತ್ತದೆ. ಒತ್ತಿದೆಡೆಯಲ್ಲಿ ಎಲುಬನ್ನು ಕರಗಿಸುವ ಜೀವಕೋಶಗಳೂ ಹಿಗ್ಗಿದೆಡೆಯಲ್ಲಿ ಎಲುಬನ್ನು ಕಟ್ಟುವ ಜೀವಕೋಶಗಳೂ ಕಾರ್ಯಪ್ರವೃತ್ತವಾಗುತ್ತವೆ. ಹೀಗೆ ಹಲ್ಲು ತನ್ನ ಗೂಡಿನ ಸಮೇತ ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಂತೆ ಸ್ಥಳಾಂತರ ಹೊಂದುತ್ತದೆ. ಬಲ ಅತಿಯಾದರೆ ಆ ಪದರದ ಸೂಕ್ಷ್ಮ ರಕ್ತನಾಳಗಳು ಮುಚ್ಚಿಹೋಗಿ ಅಲ್ಲಿನ ಅಂಗಾಂಶ ನಿರ್ಜೀವವಾಗುತ್ತದೆ, ಹಲ್ಲು ವಾರಗಟ್ಟಲೆ ಅಲುಗದೆ ನಿಲ್ಲುತ್ತದೆ. 1932ರಲ್ಲಿ ಶ್ವಾರ್ಜ್ ಎಂಬ ವಿಜ್ಞಾನಿ ಈ ಕಾರಣದಿಂದಲೇ ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಂ ಒತ್ತಡವನ್ನು ಯುಕ್ತವೆಂದು ಸೂಚಿಸಿದ. ಹಲ್ಲನ್ನು ವಾಲಿಸಲು 35ರಿಂದ 60 ಗ್ರಾಂ, ಎಲುಬಿನೊಳಕ್ಕೆ ತಳ್ಳಲು ಕೇವಲ 10ರಿಂದ 20 ಗ್ರಾಂ ಬಲ ಸಾಕೆಂಬುದು ಇಂದಿನ ಪಠ್ಯಗ್ರಂಥಗಳ ಮತ. ಬಿಗಿದಷ್ಟೂ ಬೇಗ ಎಂಬ ನಂಬಿಕೆಗೆ ಇಷ್ಟು ಉತ್ತರ ಸಾಲದೆ?

ಇಷ್ಟು ಅಲ್ಪವಾದ ಬಲವನ್ನು ಲೋಹದ ತಂತಿಯಿಂದ ಪಡೆಯುವುದಾದರೂ ಹೇಗೆ ಎಂಬಲ್ಲಿ ತೊಲೆಗಳನ್ನು ಕುರಿತ ಶಾಸ್ತ್ರ ನೆರವಿಗೆ ಬರುತ್ತದೆ. ದುಂಡುತಂತಿಯ ಪೆಡಸುತನ ಅದರ ವ್ಯಾಸದ ನಾಲ್ಕನೆಯ ಘಾತಕ್ಕನುಗುಣವಾಗಿ ಏರುತ್ತದೆ, 0.016 ಅಂಗುಲದ ತಂತಿಯನ್ನು ತೆಗೆದು 0.018ರದನ್ನು ಹಾಕಿದರೆ ಕಣ್ಣಿಗೆ ಕಾಣದಷ್ಟು ದಪ್ಪವಾಗುವ ತಂತಿ 1.6 ಪಟ್ಟು ಪೆಡಸಾಗುತ್ತದೆ. ಉದ್ದದ ಪ್ರಭಾವ ಇದಕ್ಕೆ ವಿರುದ್ಧ: ಎರಡು ಆಧಾರಗಳ ನಡುವಣ ತಂತಿ ಇಮ್ಮಡಿ ಉದ್ದವಾದರೆ ಪೆಡಸುತನ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಉಕ್ಕಿನ ತಂತಿಯಲ್ಲಿ ಅಲ್ಲಲ್ಲಿ ಕುಣಿಕೆಗಳನ್ನು ಬಾಗಿಸುತ್ತಿದ್ದ ಹಿಂದಿನ ವೈದ್ಯರ ಕೈಗೆಲಸದ ಉದ್ದೇಶ ಅಲಂಕಾರವಾಗಿರಲಿಲ್ಲ; ಎರಡು ಬ್ರಾಕೆಟ್‌ಗಳ ನಡುವಣ ಏಳೆಂಟು ಮಿಲಿಮೀಟರ್ ಅವಕಾಶದಲ್ಲಿ ಅವರು ಹೆಚ್ಚು ಉದ್ದವನ್ನು ಅಡಕಮಾಡುತ್ತಿದ್ದರು.

ನೇರವಾದ ತಂತಿಯೆಲ್ಲ ನಿರಪಾಯಕರವೆಂದೇನೂ ಅಲ್ಲ. ಮೇಲ್ದವಡೆಯ ಕೋರೆಹಲ್ಲು ತನ್ನ ನೆರೆಹೊರೆಯ ಹಲ್ಲುಗಳ ತರುವಾಯ, ಹನ್ನೊಂದು ಹನ್ನೆರಡನೆಯ ವಯಸ್ಸಿಗೆ ಹುಟ್ಟತಕ್ಕದ್ದು. ಲೋಕಲ್ ಗಾಡಿಯಲ್ಲಿ ಮೂವರ ಆಸನದ ಅಂಚಿಗೆ ಫೋರ್ತ್ ಸೀಟ್ ಎಂದು ತಡವಾಗಿ ಬಂದು ಅರ್ಧ ಹೊರಗೇ ಕುಳಿತ ಪ್ರಯಾಣಿಕನಂತೆ ಅದು ಎಷ್ಟೋ ವೇಳೆ ಸಾಲಿನ ಹೊರಗೆ, ಎತ್ತರದಲ್ಲಿ ಉಳಿದುಬಿಡುತ್ತದೆ. ಅದನ್ನು ಕೆಳಕ್ಕಿಳಿಸಲು ನೇರತಂತಿಯನ್ನು ಮೇಲಕ್ಕೆ ಬಾಗಿಸಿ ಕಟ್ಟಿದರೆ ಕೋರೆಹಲ್ಲು ಇಳಿಯುವುದು ನಿಜ. ಆದರೆ ನ್ಯೂಟನ್ನನ ಮೂರನೆಯ ನಿಯಮಕ್ಕೆ ಬಾಯಿಯೊಳಗೂ ವಿನಾಯಿತಿಯಿಲ್ಲವಾದ್ದರಿಂದ ಅಕ್ಕಪಕ್ಕದ ಬಾಚಿಹಲ್ಲೂ ಮುಂದವಡೆಹಲ್ಲೂ ಮೇಲಕ್ಕೆ ಒತ್ತಲ್ಪಟ್ಟು ಕೋರೆಯತ್ತ ವಾಲುತ್ತವೆ. ಒಂದು ಹಲ್ಲನ್ನು ಸರಿಪಡಿಸಹೊರಟು ಎರಡನ್ನು ಕೆಡಿಸುವ ಈ ಸಂಭವವನ್ನು ಬಲ್ಲ ವೈದ್ಯ ನೆರೆಯ ಹಲ್ಲುಗಳನ್ನು ಮೊದಲು ಪೆಡಸಾದ ತಂತಿಯಿಂದ ಒಗ್ಗೂಡಿಸಿ, ಕೋರೆಗೆ ಬೇರೆಯೇ ಮೆತ್ತನೆಯ ತಂತಿಯನ್ನು ಜೋಡಿಸುತ್ತಾನೆ.

ಆರ್ಥೊಡಾಂಟಿಕ್ಸ್ ಎಂಬ ಈ ವಿದ್ಯೆಗೆ ಮುಂಬಯಿಯೊಡನೆ ಹಳೆಯ ನಂಟಿದೆ. ಮುಂಬಯಿ ಸೆಂಟ್ರಲ್ ನಿಲ್ದಾಣದ ಬಳಿ ಮಹಾನಗರಪಾಲಿಕೆಯ ಆಡಳಿತದಲ್ಲಿರುವ ನಾಯರ್ ದಂತವೈದ್ಯ ಕಾಲೇಜು 1933ರಲ್ಲಿ ಆರಂಭವಾದದ್ದು, ಭಾರತೀಯ ಆರ್ಥೊಡಾಂಟಿಕ್ ಸೊಸೈಟಿ ಜನ್ಮತಾಳಿದ್ದೂ ಇದೇ ನಗರದಲ್ಲಿ, 1965ರಲ್ಲಿ, ಡಾ. ಎಚ್. ಡಿ. ಮರ್ಚೆಂಟ್ ಅದರ ಪ್ರಥಮಾಧ್ಯಕ್ಷರಾಗಿದ್ದರು. ಅಂದಿನಿಂದ ಕೆಲವು ದಶಕಗಳ ಕಾಲ ನಮ್ಮ ದೇಶದ ದಂತವಿದ್ಯಾಲಯಗಳಲ್ಲಿ ಪ್ರಚುರವಾಗಿದ್ದ ಪದ್ಧತಿ ಆಸ್ಟ್ರೇಲಿಯದ ಅಡಿಲೇಡ್ ನಗರದ ಪಿ. ಆರ್. ಬೆಗ್ ಅವರದು. ಬೆಗ್, ಈ ಶಾಸ್ತ್ರದ ಪಿತಾಮಹನೆನಿಸಿದ ಅಮೆರಿಕದ ಎಡ್ವರ್ಡ್ ಏಂಗಲ್‌ನ ಶಿಷ್ಯ. ಆದರೆ ಗುರುವಿನ ಆಯತಾಕಾರದ ತಂತಿಯನ್ನು ತ್ಯಜಿಸಿ, ವಿಲ್‌ಕಾಕ್ ಎಂಬ ಲೋಹಶಾಸ್ತ್ರಜ್ಞ ಎಳೆದುಕೊಟ್ಟ 0.016 ಅಂಗುಲದ ದುಂಡು ಉಕ್ಕಿನ ತಂತಿಯನ್ನು ಹಿಡಿದ. ದವಡೆಹಲ್ಲಿನ ಮೇಲೆ ತಂತಿಯ ತುದಿ ಹೊಗುವ ಕೊಳವೆಯ ತುಸು ಮುಂದೆ ತಂತಿಗೊಂದು ಬಾಗು ಕೊಟ್ಟು, ನಡುವಿನ ಮುಂದವಡೆಹಲ್ಲುಗಳನ್ನು ಬಹುಮಟ್ಟಿಗೆ ಬಿಟ್ಟು, ನೇರವಾಗಿ ಬಾಚಿಹಲ್ಲುಗಳಿಗೆ ಕಟ್ಟುವುದು ಆ ಪದ್ಧತಿಯ ಜೀವಾಳ. ಆ ಒಂದು ಬಾಗಿನಿಂದ ದವಡೆಹಲ್ಲು ಹಿಂದಕ್ಕೆ ವಾಲುವಂತೆ ತಿರುಗುಬಲವೂ, ಬಾಚಿಹಲ್ಲುಗಳು ಎಲುಬಿನೊಳಕ್ಕೆ ಸರಿಯುವಂತೆ ಅತಿ ಮೃದುವಾದ ಬಲವೂ ಏಕಕಾಲದಲ್ಲಿ ಒದಗುತ್ತಿದ್ದವು.

ಕೈಗೆ ತಿಳಿದಿದ್ದ ಈ ರಹಸ್ಯವನ್ನು ಗಣಿತದ ಭಾಷೆಗೆ ತಂದವರು ಚಾರ್ಲ್ಸ್ ಬರ್ಸ್ಟನ್ ಮತ್ತು ಕೋನಿಗ್, 1974ರಲ್ಲಿ. ಎರಡು ಬ್ರಾಕೆಟ್‌ಗಳ ನಡುವಣ ತಂತಿಯಲ್ಲಿ ಒಂದು ಬಾಗು ಇದೆಯೆನ್ನಿ. ಅದು ಸರಿಯಾಗಿ ಮಧ್ಯದಲ್ಲಿದ್ದರೆ ಎರಡು ಹಲ್ಲುಗಳ ಮೇಲೂ ಸಮನಾದ, ಪರಸ್ಪರ ವಿರುದ್ಧ ದಿಕ್ಕಿನ ತಿರುಗುಬಲಗಳು ಬೀಳುತ್ತವೆ. ಒಂದನ್ನೊಂದು ಸರಿದೂಗಿಸುವುದರಿಂದ ಹಲ್ಲನ್ನು ಮೇಲಕ್ಕೋ ಕೆಳಕ್ಕೋ ತಳ್ಳುವ ಬಲ ಇರುವುದಿಲ್ಲ. ಬಾಗನ್ನು ಒಂದು ಹಲ್ಲಿನತ್ತ ಸರಿಸಿದೊಡನೆ ಆ ಹಲ್ಲಿನ ಮೇಲಿನ ತಿರುಗುಬಲ ಹೆಚ್ಚುತ್ತದೆ, ದೂರದ ಹಲ್ಲಿನದು ಕುಗ್ಗುತ್ತದೆ. ಸಮತೋಲ ತಪ್ಪಬಾರದೆಂಬ ನಿಯಮದ ಒತ್ತಾಯಕ್ಕೆ ಒಂದು ಹಲ್ಲನ್ನು ಮೇಲೆತ್ತುವ, ಇನ್ನೊಂದನ್ನು ಕೆಳಗಿಳಿಸುವ ಬಲಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಅಂತರದ ಮೂರನೆಯ ಒಂದು ಭಾಗಕ್ಕೆ ಬಾಗು ಬಂದಾಗ ದೂರದ ಹಲ್ಲಿನ ತಿರುಗುಬಲ ಸೊನ್ನೆಯಾಗುತ್ತದೆ. ಅದನ್ನೂ ದಾಟಿದರೆ ದಿಕ್ಕೇ ಬದಲಾಗಿ ಎರಡು ಹಲ್ಲುಗಳೂ ಒಂದೇ ಕಡೆಗೆ ತಿರುಗುತ್ತವೆ. ಒಂದು ಲೆಕ್ಕವನ್ನು ನೋಡೋಣ: ಬ್ರಾಕೆಟ್‌ಗಳ ಅಂತರ 7 ಮಿಲಿಮೀಟರ್, ಸರಿದೂಗದೆ ಉಳಿದ ತಿರುಗುಬಲ 700 ಗ್ರಾಂ-ಮಿಲಿಮೀಟರ್ ಆದರೆ, ಪ್ರತಿ ಹಲ್ಲಿನ ಮೇಲೂ 100 ಗ್ರಾಂ ಊರ್ಧ್ವ ಅಥವಾ ಅಧೋಬಲ. ವೈದ್ಯ ಬಯಸದೆ ಇದ್ದರೂ ಅದು ಅಲ್ಲಿರುತ್ತದೆ. ಮಿಲಿಮೀಟರಿನಷ್ಟು ತಪ್ಪಿದ ಬಾಗು ತಂದಿಡುವ ಅನರ್ಥ ಅಷ್ಟು. ವಾಲಿದ ಹಲ್ಲಿನ ಮೇಲೆ ಅಂಟಿಸಿದ ಬ್ರಾಕೆಟ್ಟಿನ ಮೂಲಕ ಹಾಯುವ ನೇರತಂತಿಯೂ ಇದೇ ನಿಯಮಕ್ಕೆ ಒಳಪಟ್ಟದ್ದು: ಹಲ್ಲಿನ ಓರೆಯೇ ಅಲ್ಲಿ ಬಾಗಿನ ಕೆಲಸವನ್ನು ಮಾಡುತ್ತದೆ.

ದುಂಡುತಂತಿಗೊಂದು ಮಿತಿಯಿದೆ. ಬಲ ಬೀಳುವುದು ಹಲ್ಲಿನ ಮುಖದ ಮೇಲೆ. ಬಲ ಬಿದ್ದರೆ ಹಲ್ಲು ವಾಲದೆ ಸರಿಯುವ ಬಿಂದು, ಎಂದರೆ ಅದರ ಪ್ರತಿರೋಧಕೇಂದ್ರ, ಇರುವುದು ಅದಕ್ಕಿಂತ ಸುಮಾರು 10 ಮಿಲಿಮೀಟರ್ ಆಳದಲ್ಲಿ, ಬೇರಿನೊಳಗೆ. ಆದಕಾರಣ ಬಾಚಿಹಲ್ಲನ್ನು ಹಿಂದಕ್ಕೆಳೆದರೆ ತುದಿ ಹಿಂದೆ ಬರುತ್ತದೆ, ಬೇರು ಮುಂದೆ ಹೋಗುತ್ತದೆ. ಇಡೀ ಹಲ್ಲು ವಾಲದೆ ಸರಿಯಬೇಕಾದರೆ ಪ್ರತಿ ಗ್ರಾಂ ಬಲಕ್ಕೂ ಸುಮಾರು 10 ಗ್ರಾಂ-ಮಿಲಿಮೀಟರಿನ ವಿರುದ್ಧ ತಿರುಗುಬಲ ಬ್ರಾಕೆಟ್ಟಿನಲ್ಲೇ ದೊರೆಯಬೇಕು. ಸೀಳಿನಲ್ಲಿ ನಿರಾತಂಕವಾಗಿ ಉರುಳುವ ದುಂಡುತಂತಿ ಇದನ್ನು ಕೊಡಲಾರದು. ಆಯತಾಕಾರದ ತಂತಿಯನ್ನು ತಿರುಚಿ ಸೀಳಿಗೆ ಕೂರಿಸಿದರೆ ಅದು ತಿರುಚು ಬಿಡಿಸಿಕೊಳ್ಳುವಾಗ ಬೇರನ್ನು ಒಯ್ಯುತ್ತದೆ. ಬೆಗ್ ಪದ್ಧತಿಯವರು ಬೇರುಗಳನ್ನು ನೆಟ್ಟಗಾಗಿಸಲು ಕೊನೆಯಲ್ಲಿ ಪ್ರತ್ಯೇಕ ಸ್ಪ್ರಿಂಗುಗಳನ್ನು ತೊಡಿಸಬೇಕಾಗುತ್ತಿತ್ತು. ಏಂಗಲ್‌ನ ಆಯತತಂತಿ ಕಾಲಕ್ರಮದಲ್ಲಿ ಗೆದ್ದದ್ದು ನ್ಯಾಯವಾಗಿಯೇ ಇದೆಯೆಂದು ನನಗೆ ತೋರುತ್ತದೆ. ಆದರೂ ಮೃದುಬಲದ ಪಾಠವನ್ನು ಕಲಿಸಿದ ಕೀರ್ತಿ ಶಿಷ್ಯನಿಗೇ ಸಲ್ಲಬೇಕು.

ಆ ಮೃದುತ್ವ ಈಗ ಲೋಹದಲ್ಲೇ ಅಡಗಿದೆ. ಅಮೆರಿಕದ ನೌಕಾಪಡೆಯ ಪ್ರಯೋಗಶಾಲೆಯಲ್ಲಿ ವಿಲಿಯಂ ಬ್ಯೂಲರ್ ರೂಪಿಸಿದ ನಿಕಲ್-ಟೈಟೇನಿಯಂ ಮಿಶ್ರಲೋಹವನ್ನು 1970ರ ದಶಕದ ಆದಿಯಲ್ಲಿ ಅಯೋವಾದ ಜಾರ್ಜ್ ಆಂಡ್ರೀಸನ್ ಹಲ್ಲಿಗೆ ತಂದರು. ಅದರ ಪೆಡಸುತನ ಉಕ್ಕಿನ ಐದನೆಯ ಒಂದು ಭಾಗದ ಆಸುಪಾಸು. ಮುಂದೆ ಬಂದ ಅತಿಸ್ಥಿತಿಸ್ಥಾಪಕ ಬಗೆಯ ತಂತಿ ಬಾಗು ಹೆಚ್ಚಿದರೂ ಬಹುದೂರದವರೆಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದ ಬಲವನ್ನು ಕೊಡುತ್ತದೆ. ಆ ಲೋಹದ ಸ್ಫಟಿಕರಚನೆ ಶಾಖಕ್ಕೆ ತಕ್ಕಂತೆ ಮಾರ್ಪಡುವುದರಿಂದ ಗಿರ್ಗಾಂವ್ ಚೌಪಾಟಿಯಲ್ಲಿ ಕಾಲಾ ಖಟ್ಟಾ ಗೋಲಾ ಚೀಪುತ್ತಿರುವ ಹುಡುಗಿಯ ತಂತಿ ಆ ಹೊತ್ತಿಗೆ ಸಡಿಲವಾಗುತ್ತದೆ, ಕಟಿಂಗ್ ಚಹಾ ಕುಡಿದರೆ ಬಿಗಿಯುತ್ತದೆ. ಆದರೆ ಈ ತಂತಿಗೆ ವೈದ್ಯ ಇಕ್ಕಳದಿಂದ ಸುಲಭವಾಗಿ ಬಾಗು ಕೊಡಲಾರ. ಕಾರ್ಖಾನೆ ಕೊಟ್ಟ ಆಕಾರವೇ ಅದರ ಆಕಾರ.

ಇಲ್ಲಿಯೇ ಒಂದು ಎಚ್ಚರ ಬೇಕಾಗುತ್ತದೆ. ಹಲ್ಲಿನ ಸಾಲಿನ ಕಮಾನು ಎರಡು ತುದಿ ಹಿಡಿದು ಇಳಿಬಿಟ್ಟ ಸರಪಳಿಯ ವಕ್ರರೇಖೆಯನ್ನು, ಗಣಿತಜ್ಞರ ಕ್ಯಾಟಿನರಿಯನ್ನು ಹೋಲುತ್ತದೆಂದು 1949ರಲ್ಲಿ ಮ್ಯಾಕ್‌ಕೋನೇಲ್ ಮತ್ತು ಶೇರ್ ಪ್ರತಿಪಾದಿಸಿದರು. ಇತರರು ಬೇರೆ ವಕ್ರಗಳನ್ನು ಹೇಳಿದರು. ಇದೇ ಸರ್ವಸಮ್ಮತವೆನ್ನುವಂಥದು ಯಾವುದೂ ಇಲ್ಲ, ಏಕೆಂದರೆ ಬಾಯಿಗೊಂದು ಕಮಾನು. ಪೊಟ್ಟಣದಲ್ಲಿ ಬರುವ ತಂತಿಗಳೋ ಸಾಮಾನ್ಯವಾಗಿ ಚೂಪು, ಅಂಡಾಕಾರ, ಚೌಕ ಎಂಬ ಮೂರು ಬಗೆಯವು. ಕಿರಿದಾದ ಕೆಳದವಡೆಗೆ ಅಗಲವಾದ ತಂತಿ ತೊಡಿಸಿದರೆ ಅದು ಕೋರೆಹಲ್ಲುಗಳನ್ನು ಹೊರಕ್ಕೆ ದೂಡುತ್ತದೆ. ಹಾಗೆ ಹಿಗ್ಗಿಸಿದ ಅಗಲ ಚಿಕಿತ್ಸೆ ಮುಗಿದ ಮೇಲೆ ಉಳಿಯುವುದು ವಿರಳ.

ಆದ್ದರಿಂದಲೇ ಎಲ್ಲ ತಂತಿಗಳೂ ಕಳಚಿದ ಅನಂತರ ಕೆಳಗಿನ ಬಾಚಿಹಲ್ಲುಗಳ ಒಳಮಗ್ಗುಲಿಗೆ ಹೊರಗೆ ಕಾಣದಂತೆ ಇನ್ನೊಂದು ತಂತಿಯನ್ನು ಅಂಟಿಸುತ್ತಾರೆ. ಈ ತಂತಿ ಮಾತ್ರ ಯಾವ ಬಲವನ್ನೂ ಬೀರಬಾರದು. ಹಲ್ಲುಗಳು ಇರುವ ಹಾಗೆಯೇ ತಾನೂ ಬಾಗಿ, ಎಲ್ಲಿಯೂ ಒತ್ತದೆ ಕೂರಬೇಕು. ಅಂಟಿಸುವಾಗ ಕೂದಲೆಳೆಯಷ್ಟು ಬಾಗು ಉಳಿದುಹೋದ ತಂತಿ, ವೈದ್ಯರ ಭೇಟಿ ನಿಂತುಹೋದ ವರ್ಷಗಳಲ್ಲಿ ಬಾಚಿಹಲ್ಲೊಂದರ ಬೇರನ್ನು ಮೆಲ್ಲಮೆಲ್ಲನೆ ಎಲುಬಿನ ಅಂಚಿಗೆ ತಿರುಚಿ ತಂದಿರುವ ಪ್ರಕರಣಗಳು ಈ ಶಾಸ್ತ್ರದ ಪತ್ರಿಕೆಗಳಲ್ಲಿ ದಾಖಲಾಗಿವೆ.