ಗೋವಾದ ಡಿಜೆ ಬಯಲಿಗೆ ಮನೆಯಲ್ಲಿ ಹೇಳಿಯೇ ಹೋದೆವು

ಡಿಸೆಂಬರ್ ಎರಡನೇ ವಾರ ದಾಟಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹುಡುಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು: "ಈ ಸಲ ಗೋವಾಕ್ಕೆ ಹೋಗುವನಾ ಮಾರಾಯ?" ಅಡಿಕೆ ಕೊಯ್ಲಿನ ಹೊತ್ತು, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಗೋವಾ ಗಡಿ. ಅಲ್ಲಿ ಬಯಲಿನಲ್ಲಿ ಸಾವಿರಾರು ಜನ ಸೇರುವ ಡಿಜೆ ಸಂಗೀತದ ಉತ್ಸವಗಳು. ಮನೆಯಲ್ಲಿ ಕೇಳಿದರೆ ಏನು ಉತ್ತರ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಹೆಚ್ಚಿನವರು ಕೇಳುವುದೇ ಇಲ್ಲ. 'ಹುಬ್ಬಳ್ಳಿಯಲ್ಲಿ ಕೆಲಸ ಉಂಟು', 'ಗೆಳೆಯನ ಅಣ್ಣನ ಮದುವೆ' ಎಂದು ಹೇಳಿ ಹೊರಡುತ್ತಾರೆ.

ನಾವು ಐವರು ಹೇಳಿಯೇ ಹೋದೆವು. ಮೂವರು ಬ್ಯಾರಿಗಳು, ಅಜ್ಜಂದಿರ ಕಾಲದಲ್ಲಿ ಬಂಟ್ವಾಳ, ಪುತ್ತೂರು ಕಡೆಯಿಂದ ವ್ಯಾಪಾರಕ್ಕೆಂದು ಬಂದು ಇಲ್ಲೇ ನೆಲೆಯಾದ ಮನೆಗಳವರು. ಒಬ್ಬ ಸಿದ್ದಾಪುರದ ಹವ್ಯಕರ ಹುಡುಗ. ಇನ್ನೊಬ್ಬ ಯಲ್ಲಾಪುರದ ಸಿದ್ದಿ ಗೆಳೆಯ. ಉಮ್ಮಂದಿರು ಬೈದರು, ಉಪ್ಪಂದಿರು ಎರಡು ದಿನ ಮಾತು ಬಿಟ್ಟರು. ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದರು: ರಾತ್ರಿ ಹನ್ನೊಂದರೊಳಗೆ ಫೋನ್ ಬರಬೇಕು, ರಾತ್ರಿ ಘಟ್ಟ ಹತ್ತಬಾರದು.

ಅರಬೈಲ್ ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಕಾರವಾರ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಬಿದ್ದ ಮೇಲೆ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯ ಮೇಲೆಯೇ ಓಡುತ್ತಿವೆ. ಅದನ್ನು ದಾಟಿದರೆ ಮಾಜಾಳಿ, ಮುಂದೆ ಕಾಣಕೋಣ, ಮಡಗಾಂವ್, ಪಣಜಿ.

ಈ ಸದ್ದು ಎಲ್ಲಿಂದ ಬಂತು?

'ಅದೇನು ಡಬ್ ಡಬ್ ಅಂತ ಒಂದೇ ಸದ್ದು, ಅದಕ್ಕೆ ಸಾವಿರಗಟ್ಟಲೆ ಹಣ ಬೇರೆ' ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಈ ಸಂಗೀತದ ಬೆನ್ನೆಲುಬೇ ಆ ಡಬ್ ಡಬ್. ನಿಮಿಷಕ್ಕೆ ಸುಮಾರು 120ರಿಂದ 145 ಪೆಟ್ಟು, ನಿಲ್ಲದೆ, ಗಂಟೆಗಟ್ಟಲೆ. ಡಿಜೆ ಒಂದು ಹಾಡಿನ ಪೆಟ್ಟನ್ನು ಇನ್ನೊಂದರ ಪೆಟ್ಟಿಗೆ ಕೂಡಿಸುತ್ತಾ, ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂದು ತಿಳಿಯದ ಹಾಗೆ ನಡೆಸಿಕೊಂಡು ಹೋಗುತ್ತಾನೆ. ನಡುವೆ ಪೆಟ್ಟನ್ನು ಪೂರ್ತಿ ನಿಲ್ಲಿಸಿ, ಜನ ಕಾದು ಕಾದು ಸಾಕಾಗುವ ಹೊತ್ತಿಗೆ ಒಮ್ಮೆಲೇ ಬಿಡುತ್ತಾನೆ. ಬಯಲಿಗೆ ಬಯಲೇ ಹಾರುವುದು ಆವಾಗ.

ಇದು ಹುಟ್ಟಿದ್ದು ಅಮೆರಿಕದ ಶಿಕಾಗೊ, ಡೆಟ್ರಾಯಿಟ್ ನಗರಗಳ ಕರಿಯ ಸಮುದಾಯದ ಯುವಕರ ಕೈಯಲ್ಲಿ, 1980ರ ದಶಕದಲ್ಲಿ. ಜಪಾನಿನ ರೋಲ್ಯಾಂಡ್ ಕಂಪೆನಿಯ ಟಿಆರ್-808, ಟಿಬಿ-303 ಎಂಬ ಯಂತ್ರಗಳು ಸರಿಯಾಗಿ ಮಾರಾಟವಾಗದೆ ಹಳೆ ಸಾಮಾನಿನ ಅಂಗಡಿಗೆ ಬಂದಿದ್ದವು. ಹಣವಿಲ್ಲದ ಹುಡುಗರು ಅವನ್ನು ಅಗ್ಗಕ್ಕೆ ಕೊಂಡು ಹೊಸ ಸಂಗೀತ ಮಾಡಿದರು.

ನಮ್ಮ ದೇಶದ ಒಂದು ಕಥೆಯೂ ಇದರಲ್ಲಿದೆ. ಮುಂಬೈಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲೇ ಇದೇ ಯಂತ್ರಗಳಲ್ಲಿ ಹತ್ತು ರಾಗಗಳನ್ನು ನುಡಿಸಿ ಒಂದು ರೆಕಾರ್ಡ್ ಹೊರತಂದರು. ಆಗ ಯಾರೂ ಕೇಳಲಿಲ್ಲ. ಅದೇ ಬಗೆಯ ಸದ್ದು ಶಿಕಾಗೊದಲ್ಲಿ ಹೆಸರು ಮಾಡಿದ್ದು ಐದು ವರ್ಷ ಕಳೆದು, 1987ರಲ್ಲಿ. 2010ರಲ್ಲಿ ಆ ರೆಕಾರ್ಡ್ ಮತ್ತೆ ಹೊರಬಂದಾಗ ಲೋಕವೆಲ್ಲ ಬೆರಗಾಯಿತು. ಇಳಿವಯಸ್ಸಿನಲ್ಲಿ ಹೆಸರು ಕಂಡ ಅವರು 2015ರಲ್ಲಿ ತೀರಿಕೊಂಡರು.

ಗೋವಾದ ಅಂಜುನಾ ತೀರಕ್ಕೆ ಅರವತ್ತರ ದಶಕದ ಕೊನೆಯಿಂದಲೇ ಹಿಪ್ಪಿಗಳು ಬರತೊಡಗಿದ್ದರು. ಅವರ ಗುಂಪುಗಳೇ ಮುಂದೆ ನಮ್ಮ ಗೋಕರ್ಣದ ಕುಡ್ಲೆ, ಓಂ ಬೀಚ್‌ಗಳಿಗೂ ಬಂದವು. 'ಗೋವಾ ಟ್ರಾನ್ಸ್' ಎಂಬ ಒಂದು ಪ್ರಕಾರವೇ ಅಂಜುನಾ ಕಡೆಯಿಂದ ಹುಟ್ಟಿಕೊಂಡಿತು. ದೊಡ್ಡ ಮಟ್ಟದ ಟಿಕೆಟ್ ಉತ್ಸವಗಳ ಕಾಲ ಶುರುವಾದದ್ದು 2007ರಲ್ಲಿ, ಕ್ಯಾಂಡೋಲಿಮ್‌ನಲ್ಲಿ 'ಸನ್‌ಬರ್ನ್' ನಡೆದಾಗ.

ಬಯಲಿನೊಳಗೆ

ನಾವು ಹೋದದ್ದು ಉತ್ತರ ಗೋವಾದ ಒಂದು ಉತ್ಸವಕ್ಕೆ. ಗೇಟಿನಲ್ಲಿ ಮೈ ತಡವಿ ನೋಡುತ್ತಾರೆ, ಕೈಗೆ ಪಟ್ಟಿ ಕಟ್ಟುತ್ತಾರೆ. ಆ ಪಟ್ಟಿಗೇ ಮೊದಲು ಹಣ ತುಂಬಿಸಬೇಕು, ಒಳಗೆ ನೋಟು ನಡೆಯುವುದಿಲ್ಲ. ಹೊರಗಿನ ಊಟ, ನೀರು ಒಳಗೆ ಬಿಡುವುದಿಲ್ಲ. ಉಮ್ಮ ಕಟ್ಟಿಕೊಟ್ಟ ಪತ್ತಿರ್ ಮತ್ತು ಕೋಳಿ ಸುಕ್ಕವನ್ನು ಕಾರಿನ ಪಕ್ಕ ನಿಂತೇ ಮುಗಿಸಿದೆವು. ಒಳಗೆ ಒಂದು ಬಾಟಲಿ ನೀರಿನ ದರ ನೋಡಿದಾಗ ಮನೆಯ ಬಾವಿಯ ನೆನಪಾಯಿತು.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಬಿಯರ್ ಮಳಿಗೆಗಳು ಹೆಜ್ಜೆಗೊಂದು. ಕುಡಿಯದವರನ್ನು ಯಾರೂ ಒತ್ತಾಯ ಮಾಡುವುದಿಲ್ಲ. ಕುಡಿದವರ ನಡುವೆ ನಿಲ್ಲಬೇಕಾಗುತ್ತದೆ, ಅಷ್ಟೆ. ಸಂಜೆಯ ಹೊತ್ತಿಗೆ ಅಪರಿಚಿತನೊಬ್ಬ ಪಕ್ಕಕ್ಕೆ ಬಂದು ಸಣ್ಣ ದನಿಯಲ್ಲಿ 'ಏನಾದರೂ ಬೇಕಾ?' ಎಂದು ಕೇಳಿದ. ಬೇಡ ಎಂದೆವು, ಹೋದ. ಪ್ರಯಾಣದಲ್ಲಿದ್ದುದರಿಂದ ಮಗ್ರಿಬನ್ನು ಇಶಾದ ಜೊತೆ ಸೇರಿಸಿ ಕೋಣೆಗೆ ಹೋಗಿ ನಿರ್ವಹಿಸಿದೆವು.

ಸಂತೋಷವೂ ಇತ್ತು. ಸೂರ್ಯ ಮುಳುಗುವ ಹೊತ್ತು, ಎದೆಯೊಳಗೆ ಬಡಿಯುವ ಸದ್ದು, ಭಾಷೆ ಗೊತ್ತಿಲ್ಲದ ಸಾವಿರಾರು ಮಂದಿ ಒಟ್ಟಿಗೆ ಕೈ ಎತ್ತುವುದು. ಸಿದ್ದಿ ಗೆಳೆಯ, "ನಮ್ಮಲ್ಲಿ ಡಮಾಮಿ ಬಡಿದರೂ ಹೀಗೇ ಆಗ್ತದೆ, ಅದಕ್ಕೆ ಕರೆಂಟ್ ಬೇಡ ಅಷ್ಟೇ" ಎಂದ. ಹವ್ಯಕರ ಹುಡುಗ ಯಕ್ಷಗಾನದ ಚಂಡೆಯ ಮಾತೆತ್ತಿದ. ನಮಗೆ ಮದುವೆ ಮನೆಯ ದಫ್ ನೆನಪಾಯಿತು. ಪೆಟ್ಟಿಗೆ ಒಟ್ಟಾಗಿ ಮೈ ಅಲುಗುವುದು ಮನುಷ್ಯನಿಗೆ ಹೊಸತೇನಲ್ಲ.

ರಾತ್ರಿ ಹತ್ತಕ್ಕೆ ಸದ್ದು ನಿಂತಿತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ಸರಕಾರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿವರೆಗೆ ರಿಯಾಯಿತಿ ಕೊಡಬಹುದು. ಹಾಗಾಗಿಯೇ ಕಾಣಕೋಣದ ಪಾಲೊಲೆಮ್‌ನಲ್ಲಿ ಪ್ರತಿಯೊಬ್ಬರೂ ಹೆಡ್‌ಫೋನ್ ಹಾಕಿಕೊಂಡು ಕುಣಿಯುವ ಪಾರ್ಟಿಗಳು ಹುಟ್ಟಿಕೊಂಡವು.

ಕಿವಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೇ 4 ಗಂಟೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಂಥ ಜಾಗಗಳಲ್ಲಿ ಸರಾಸರಿ 100 ಡೆಸಿಬೆಲ್ ಮೀರಬಾರದು, ಸದ್ದಿಲ್ಲದ ಮೂಲೆ ಇರಬೇಕು, ಕಿವಿಗೆ ಇಡುವ ಬೆಣೆ ಸಿಗಬೇಕು ಎಂದು 2022ರಲ್ಲಿ ಅದು ಮಾನದಂಡ ಹೊರಡಿಸಿದೆ. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಬೆಣೆಯನ್ನು ನಾವು ಹಾಕಿಕೊಂಡಿದ್ದೆವು. ಹಾಕದ ಒಬ್ಬನ ಕಿವಿಯಲ್ಲಿ ಎರಡು ದಿನ ಗುಂಯ್‌ಗುಡುತ್ತಿತ್ತು.

ಆ ಹುಡುಗ ಬಿದ್ದಾಗ

ಇಷ್ಟೇ ಆಗಿದ್ದರೆ ಈ ಬರಹ ಬೇಕಿರಲಿಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ನಮ್ಮಿಂದ ಸ್ವಲ್ಪ ದೂರದಲ್ಲಿ ಒಬ್ಬ ಹುಡುಗ ಕುಸಿದ. ಅವನ ಗೆಳೆಯರ ಮಾತು ಕೇಳಿದ ಕೂಡಲೇ ನಮ್ಮ ಜಿಲ್ಲೆಯವರೆಂದು ಗೊತ್ತಾಯಿತು. ಮೈ ಕೆಂಡದ ಹಾಗೆ ಸುಡುತ್ತಿತ್ತು, ಮಾತು ತೊದಲುತ್ತಿತ್ತು. ವೈದ್ಯಕೀಯ ಡೇರೆ ನೂರು ಹೆಜ್ಜೆ ದೂರದಲ್ಲಿ. ಆದರೆ ಅವನ ಗೆಳೆಯರು ಎತ್ತಲು ಬಿಡಲೊಲ್ಲರು. "ಬೇಡಾಣ್ಣ, ಹೆಸರು ಬರೆಸಬೇಕಾಗ್ತದೆ. ಮನೆಯಲ್ಲಿ ಗೊತ್ತಾದ್ರೆ ಕೊಂದೇ ಬಿಡ್ತಾರೆ" ಎಂದು ಅಳುತ್ತಿದ್ದರು. ಬೆಳಿಗ್ಗೆಯಿಂದ ಊಟವಿಲ್ಲ, ನೀರಿಲ್ಲ, ಯಾರೋ ಕೊಟ್ಟ ಅರ್ಧ ಗುಳಿಗೆ ಬೇರೆ.

ನಾವು ಕೇಳಲಿಲ್ಲ, ಎತ್ತಿಕೊಂಡು ಹೋದೆವು. ಡೇರೆಯಲ್ಲಿ ಅವರು ಮೊದಲು ಕೇಳಿದ್ದು 'ಏನು ತಿಂದಿದ್ದಾನೆ?' ಎಂದು. ಬೈಯಲಿಲ್ಲ. ಮೈ ತಣ್ಣಗೆ ಮಾಡಿದರು, ಡ್ರಿಪ್ ಹಾಕಿದರು. ಒಂದೂವರೆ ಗಂಟೆ ಕಳೆದು ಹುಡುಗ ಕಣ್ಣು ಬಿಟ್ಟು ತನ್ನ ಹೆಸರು ಹೇಳಿದ.

ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. 2009ರಲ್ಲಿ ಕ್ಯಾಂಡೋಲಿಮ್‌ನ ಉತ್ಸವಕ್ಕೆ ಹೋಗಿದ್ದ ಯುವತಿಯೊಬ್ಬಳು ತೀರಿಕೊಂಡಳು. 2019ರ ಡಿಸೆಂಬರ್‌ನಲ್ಲಿ ವಾಗಾತೋರ್ ಉತ್ಸವದ ದಿನಗಳಲ್ಲಿ ಮೂವರು ಯುವಕರು ಅಸ್ವಸ್ಥರಾಗಿ ಮೃತಪಟ್ಟರು. ಎಂಡಿಎಂಎ ಎಂಬ ಗುಳಿಗೆ ಮೈಯ ಬಿಸಿ ಏರಿಸುತ್ತದೆ, ದಣಿವು ತಿಳಿಯದ ಹಾಗೆ ಮಾಡುತ್ತದೆ. ಬಿಸಿಲಲ್ಲಿ ಕುಣಿಯುವವನಿಗೆ ಅದೇ ಸಾವಾಗಬಹುದು. ಹೆದರಿ ಒಮ್ಮೆಲೇ ಲೀಟರ್‌ಗಟ್ಟಲೆ ನೀರು ಕುಡಿಸಿದರೂ ರಕ್ತದ ಉಪ್ಪಿನಂಶ ಇಳಿದು ಅಪಾಯವೇ. ಮೈ ಸುಡುತ್ತಿದ್ದರೆ, ಮಾತು ತಪ್ಪಿದರೆ ವೈದ್ಯರೇ ನೋಡಬೇಕು.

ಕಾನೂನಿನ ಮಾತೂ ಹುಡುಗರಿಗೆ ಗೊತ್ತಿರಲಿ. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಎಂಡಿಎಂಎ 10 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ, 10ರಿಂದ 20 ವರ್ಷ ಜೈಲು. ಸಣ್ಣ ಪ್ರಮಾಣ ಸಿಕ್ಕಿದರೂ ಒಂದು ವರ್ಷದವರೆಗೆ ಶಿಕ್ಷೆ ಆಗಬಹುದು. 'ಗೆಳೆಯನ ಬ್ಯಾಗ್, ನಾನು ಹಿಡ್ಕೊಂಡಿದ್ದೆ ಅಷ್ಟೇ' ಎಂಬ ಮಾತು ಠಾಣೆಯಲ್ಲಿ ನಡೆಯುವುದಿಲ್ಲ, ಗೊತ್ತಿರಲಿಲ್ಲವೆಂದು ಕೋರ್ಟಿನಲ್ಲಿ ತೋರಿಸಿಕೊಡಬೇಕಾದವನು ನೀನೇ. ಗಲ್ಫಿಗೆ ಹೋಗಬೇಕೆಂದು ಪಾಸ್‌ಪೋರ್ಟ್ ಮಾಡಿಸಿಟ್ಟ ಹುಡುಗನಿಗೆ ಒಂದು ಕೇಸು ಸಾಕು. ಚಟ ಹತ್ತಿದವನು ತಾನಾಗಿ ಚಿಕಿತ್ಸೆಗೆ ಬಂದರೆ ಅದೇ ಕಾಯ್ದೆಯ 64ಎ ಕಲಮು ರಕ್ಷಣೆ ಕೊಡುತ್ತದೆ. ವ್ಯಸನಮುಕ್ತಿಗೆ 14446 ಸಹಾಯವಾಣಿ ಇದೆ.

ಮನೆಯವರಿಗೆ ಒಂದು ಮಾತು

ಆ ಹುಡುಗನನ್ನು ಸಾವಿನ ಹತ್ತಿರ ಒಯ್ದದ್ದು ಗುಳಿಗೆ. ನೂರು ಹೆಜ್ಜೆ ದೂರದ ಡಾಕ್ಟರನ್ನು ಅವನಿಂದ ದೂರ ಇಟ್ಟದ್ದು ಮನೆಯ ಹೆದರಿಕೆ. ಮದರಸ ಕಲಿತ ನಮ್ಮ ಮಕ್ಕಳಿಗೆ ಅಮಲು ಹರಾಮ್ ಎಂದು ಗೊತ್ತಿಲ್ಲದೆ ಇಲ್ಲ. ತಪ್ಪಿದ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬುದು ಗೊತ್ತಿಲ್ಲ.

ಮಕ್ಕಳನ್ನು ಗೋವಾಕ್ಕೆ ಕಳಿಸಿ ಎಂದು ನಾವು ಹೇಳುವುದಿಲ್ಲ. ಬೇಡ ಎನ್ನುವ ಹಕ್ಕು ನಿಮ್ಮದು, ಬೇಡ ಎನ್ನಲು ಕಾರಣಗಳೂ ಸಾಕಷ್ಟಿವೆ. ಆದರೆ ಬೇಡ ಎಂದ ಮೇಲೂ ಒಂದು ಮಾತು ಸೇರಿಸಿ: "ಮೋನೇ, ಎಲ್ಲಿದ್ದರೂ, ಏನಾದರೂ, ಮೊದಲು ನಮಗೆ ಹೇಳು. ಬೈಗುಳ ಆಮೇಲೆ." ಉಪ್ಪನಿಗೆ ಹೇಳಲು ಆಗದಿದ್ದರೆ ಒಬ್ಬ ಮಾವ, ಒಬ್ಬ ಉಸ್ತಾದ್, ಯಾರಾದರೂ ಒಬ್ಬರು ಇರಲಿ.

ಹುಡುಗರಿಗೂ ಒಂದೆರಡು. ಸುಳ್ಳು ಹೇಳಿ ಹೋಗಬೇಡಿ, ನೀವು ಎಲ್ಲಿದ್ದೀರಿ ಎಂದು ಊರಿನಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಗೇಟಿನ ಒಳಗೆ ಹೋದ ಕೂಡಲೇ ವೈದ್ಯಕೀಯ ಡೇರೆ ಎಲ್ಲಿದೆ ನೋಡಿಟ್ಟುಕೊಳ್ಳಿ. ಅಪರಿಚಿತರ ಗುಳಿಗೆ, ತೆರೆದ ಬಾಟಲಿ ಮುಟ್ಟಬೇಡಿ. ರಾತ್ರಿ ಅಲ್ಲೇ ಮಲಗಿ ಬೆಳಿಗ್ಗೆ ಹೊರಡಿ, ನಿದ್ದೆಗಣ್ಣಿಗೆ ಅರಬೈಲ್, ದೇವಿಮನೆ ಘಟ್ಟಗಳು ಕ್ಷಮೆ ಕೊಡುವುದಿಲ್ಲ. ಗೋವಾದಲ್ಲಿ ಕೇಳಿದ್ದನ್ನು ಸ್ವರ್ಣವಲ್ಲಿ ಕಡೆಯ ಕಾಡಿನ ಹೋಂಸ್ಟೇಗಳಿಗೆ ತರುವುದೂ ಬೇಡ. ಸಿಂಗಳೀಕಗಳಿಗೆಂದು ಅಘನಾಶಿನಿ ಕಣಿವೆಯನ್ನು, ಮಂಗಟ್ಟೆ ಹಕ್ಕಿಗಳ ಬೇಡ್ತಿ ಕಣಿವೆಯನ್ನು 2011ರಲ್ಲೇ ಸಂರಕ್ಷಿತವೆಂದು ಘೋಷಿಸಿದ್ದಾರೆ. ಅಲ್ಲಿ ರಾತ್ರಿ ಡಿಜೆ ಹಾಕುವುದು ನಿಯಮಕ್ಕೂ ಸಲ್ಲದು, ನೆರೆಹೊರೆಗೂ ಸಲ್ಲದು.

ಆ ಹುಡುಗ ಮರುದಿನ ಮನೆಗೆ ಮುಟ್ಟಿದ. ಅವನೇ ಉಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದನಂತೆ. ಉಮ್ಮ ಅತ್ತರಂತೆ, ಆಮೇಲೆ "ಊಟ ಮಾಡಿದೆಯಾ?" ಎಂದು ಕೇಳಿದರಂತೆ. ಹಿಂದಿನ ರಾತ್ರಿ ಅವನ ಗೆಳೆಯರು ಅಷ್ಟು ಹೆದರಿದ್ದು ಇದೇ ಉಮ್ಮನಿಗೆ.