ಕಣ್ಣೀರಿನ ವ್ಯಾಪಾರ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಪುಟ್ಟ ಸಂಗ್ರಹಾಲಯವೊಂದರಲ್ಲಿ ಒಂಟಿ ಬೂಟೊಂದನ್ನು ಜೋಪಾನವಾಗಿ ಕಾಪಾಡಿ ಇಡಲಾಗಿದೆ. ಅದರ ಜೋಡಿ ಇಲ್ಲ. ಯೊನ್ಸೆ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀ ಹಾನ್-ಯೊಲ್ 1987ರ ಜೂನ್ 9ರಂದು ತೊಟ್ಟಿದ್ದ ಬೂಟು ಅದು.

ಆಗ ಆ ದೇಶವನ್ನು ಆಳುತ್ತಿದ್ದವರು ಸೇನೆಯಿಂದ ಬಂದ ಚುನ್ ಡೂ-ಹ್ವಾನ್. ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುವಂತಾಗಬೇಕು ಎಂಬುದು ವಿದ್ಯಾರ್ಥಿಗಳ ಬೇಡಿಕೆ. ಅಂದು ವಿಶ್ವವಿದ್ಯಾಲಯದ ಮುಖ್ಯದ್ವಾರದ ಬಳಿ ಪೊಲೀಸರು ಹಾರಿಸಿದ ಅಶ್ರುವಾಯು ಶೆಲ್ಲೊಂದು ಲೀಯ ತಲೆಯ ಹಿಂಭಾಗಕ್ಕೆ ಬಡಿಯಿತು. ಕುಸಿಯುತ್ತಿದ್ದ ಅವನನ್ನು ಇನ್ನೊಬ್ಬ ವಿದ್ಯಾರ್ಥಿ ಹಿಂದಿನಿಂದ ತಬ್ಬಿ ಹಿಡಿದುಕೊಂಡ. ಆ ಛಾಯಾಚಿತ್ರ ದೇಶವಿದೇಶಗಳ ಪತ್ರಿಕೆಗಳಲ್ಲಿ ಅಚ್ಚಾಯಿತು. ಪ್ರತಿಭಟನೆ ಊರೂರಿಗೆ ಹಬ್ಬಿತು. ಜೂನ್ 29ರಂದು ಆಳುವ ಪಕ್ಷ ನೇರ ಚುನಾವಣೆಗೆ ಒಪ್ಪಿಕೊಂಡಿತು. ಪ್ರಜ್ಞೆ ಮರಳದ ಲೀಗೆ ಆ ಸುದ್ದಿ ತಿಳಿಯಲೇ ಇಲ್ಲ. ಜುಲೈ 5ರಂದು ಅವನು ತೀರಿಕೊಂಡ. ಇಪ್ಪತ್ತರ ಹರೆಯ.

ಅಳಿಸುವ ಆಯುಧ ಕೊಲ್ಲುವುದು ಹೇಗೆ?

‘ಲಾಠಿ ಪ್ರಹಾರ, ಅಶ್ರುವಾಯು ಪ್ರಯೋಗ’ ಎಂಬ ಮಾತುಗಳು ಪತ್ರಿಕೆ ಓದುವ ಯಾರಿಗೂ ಹೊಸವಲ್ಲ. ಗುಂಡು ಹಾರಿಸುವುದಕ್ಕಿಂತ ಇದು ಮೇಲು, ಕಣ್ಣುರಿದರೆ ನೀರು ಹಾಕಿ ತೊಳೆದುಕೊಂಡರಾಯಿತು ಎಂಬುದು ಸಾಮಾನ್ಯ ತಿಳಿವಳಿಕೆ.

ಹೆಸರಿನಲ್ಲಿ ವಾಯು ಇದ್ದರೂ ಇದು ವಾಯುವಲ್ಲ. ಹೆಚ್ಚಾಗಿ ಬಳಕೆಯಲ್ಲಿರುವ ‘ಸಿಎಸ್’ ಒಂದು ಘನವಸ್ತು. 1928ರಲ್ಲಿ ಅದನ್ನು ತಯಾರಿಸಿದ ಕಾರ್ಸನ್ ಮತ್ತು ಸ್ಟೌಟನ್ ಎಂಬ ಅಮೆರಿಕದ ಇಬ್ಬರು ರಸಾಯನಶಾಸ್ತ್ರಜ್ಞರ ಹೆಸರಿನ ಮೊದಲಕ್ಷರಗಳೇ ಅದಕ್ಕೆ ಹೆಸರಾದವು. ಶೆಲ್ ಉರಿದಾಗ ಅದು ಅತಿ ಸೂಕ್ಷ್ಮ ಕಣಗಳಾಗಿ ಹೊಗೆಯೊಡನೆ ಹರಡಿ, ಕಣ್ಣು, ಗಂಟಲು, ಶ್ವಾಸಕೋಶಗಳ ನೋವಿನ ನರಗಳನ್ನು ಕೆರಳಿಸುತ್ತದೆ.

ಬಯಲಿನಲ್ಲಿ, ಜನ ಚದುರಿ ಹೋಗಲು ದಾರಿಯಿದ್ದಾಗ, ದೂರದಿಂದ ಮೇಲ್ಮುಖವಾಗಿ ಹಾರಿಸಬೇಕಾದ ಆಯುಧವಿದು. ಜನರತ್ತ ನೇರವಾಗಿ ಗುರಿಯಿಟ್ಟರೆ ಶೆಲ್ಲೇ ಗುಂಡಾಗುತ್ತದೆ. ಮುಚ್ಚಿದ ಕೋಣೆಯೊಳಗೆ ಎಸೆದರೆ ಮಕ್ಕಳಿಗೆ, ವೃದ್ಧರಿಗೆ, ಉಬ್ಬಸದವರಿಗೆ ಜೀವಾಪಾಯ. ಲೀಯ ಪ್ರಾಣ ತೆಗೆದದ್ದು ಹೊಗೆಯಲ್ಲ, ಶೆಲ್ಲಿನ ಪೆಟ್ಟು. 2013ರಲ್ಲಿ ಟರ್ಕಿಯ ಇಸ್ತಾಂಬುಲ್‌ನಲ್ಲಿ ಬ್ರೆಡ್ ತರಲು ಹೊರಟಿದ್ದ 14 ವರ್ಷದ ಬಾಲಕನೊಬ್ಬ ಇಂಥದೇ ಪೆಟ್ಟು ತಿಂದು, 269 ದಿನ ಪ್ರಜ್ಞಾಹೀನನಾಗಿದ್ದು ಅಸುನೀಗಿದ.

ಜನಸಂಖ್ಯೆಗಿಂತ ಹೆಚ್ಚು ಶೆಲ್

ಲೀ ಸತ್ತ ದೇಶ ಪಾಠ ಕಲಿಯಿತು. 1990ರ ದಶಕದ ಕೊನೆಯ ಹೊತ್ತಿಗೆ ಕೊರಿಯಾದ ಪೊಲೀಸರು ಮೆರವಣಿಗೆಗಳ ಮೇಲೆ ಅಶ್ರುವಾಯು ಶೆಲ್ ಹಾರಿಸುವುದನ್ನು ಕೈಬಿಟ್ಟರು. ಆದರೆ ಕಾರ್ಖಾನೆಗಳು ಬಾಗಿಲು ಹಾಕಲಿಲ್ಲ. ತಾನುಂಡ ಕಹಿಯನ್ನು ನೆರೆಯವರಿಗೆ ಬಡಿಸಿದಂತೆ, ಮಾಲು ಹೊರದೇಶಗಳಿಗೆ ಹೋಗತೊಡಗಿತು.

ಅಂಥ ಗಿರಾಕಿಗಳಲ್ಲಿ ಕೊಲ್ಲಿಯ ಪುಟ್ಟ ದ್ವೀಪರಾಷ್ಟ್ರ ಬಹರೇನ್ ಕೂಡ ಒಂದು. 2011ರ ಫೆಬ್ರವರಿಯಲ್ಲಿ ಅಲ್ಲಿನ ಜನ ರಾಜಕೀಯ ಸುಧಾರಣೆ ಕೇಳಿ ಬೀದಿಗಿಳಿದಾಗ ಸರ್ಕಾರ ಬಲಪ್ರಯೋಗಕ್ಕೆ ಇಳಿಯಿತು. ಮನೆಗಳ ಒಳಕ್ಕೂ ಅಶ್ರುವಾಯು ಎಸೆದ ಪ್ರಕರಣಗಳನ್ನು ‘ಮಾನವ ಹಕ್ಕುಗಳಿಗಾಗಿ ವೈದ್ಯರು’ ಎಂಬ ಸಂಸ್ಥೆ 2012ರಲ್ಲಿ ದಾಖಲಿಸಿತು. 2013ರಲ್ಲಿ ಬಹರೇನ್‌ನ ಗೃಹ ಇಲಾಖೆಯ ಟೆಂಡರ್ ಪತ್ರವೊಂದು ಬಯಲಾಯಿತು. ಅದರಲ್ಲಿದ್ದ ಬೇಡಿಕೆ 16 ಲಕ್ಷ ಅಶ್ರುವಾಯು ಶೆಲ್! ಆಗ ಅಲ್ಲಿನ ಜನಸಂಖ್ಯೆಯೇ ಸುಮಾರು 13 ಲಕ್ಷ. ತಲೆಗೊಂದರಂತೆ ಹಂಚಿದರೂ ಮಿಕ್ಕುವಷ್ಟು.

ಕಾನೂನಿನ ಬಿರುಕು

ಇದನ್ನು ತಡೆಯುವ ಅಂತರರಾಷ್ಟ್ರೀಯ ಕಾನೂನು ಇಲ್ಲವೇ? 1997ರಲ್ಲಿ ಜಾರಿಗೆ ಬಂದ ರಾಸಾಯನಿಕ ಅಸ್ತ್ರಗಳ ಒಪ್ಪಂದದ ಪ್ರಕಾರ ಯುದ್ಧದಲ್ಲಿ ಅಶ್ರುವಾಯು ಬಳಕೆ ನಿಷಿದ್ಧ. ಆದರೆ ತನ್ನ ನಾಡಿನ ಬೀದಿಯಲ್ಲಿ ಪೊಲೀಸರು ಗಲಭೆ ಹತ್ತಿಕ್ಕಲು ಬಳಸುವುದಕ್ಕೆ ಅದೇ ಒಪ್ಪಂದ ಅವಕಾಶ ಕೊಡುತ್ತದೆ. ಶತ್ರು ಸೈನಿಕನಿಗೆ ಸಿಕ್ಕ ರಕ್ಷಣೆ ಸ್ವಂತ ಪ್ರಜೆಗೆ ಸಿಕ್ಕಿಲ್ಲ. 2014ರಲ್ಲಿ ಜಾರಿಯಾದ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿ ಟ್ಯಾಂಕು, ಯುದ್ಧವಿಮಾನ, ಬಂದೂಕುಗಳಿವೆ. ಅಶ್ರುವಾಯುವಿನ ಹೆಸರಿಲ್ಲ. ಹೇಗೆ ಬಳಸಬೇಕೆಂದು ವಿಶ್ವಸಂಸ್ಥೆ 2020ರಲ್ಲಿ ಮಾರ್ಗಸೂಚಿ ಹೊರಡಿಸಿತಾದರೂ ಅದಕ್ಕೆ ಕಾನೂನಿನ ಬಲವಿಲ್ಲ. ಹೀಗಾಗಿ ಮಾರುವುದೋ ಬಿಡುವುದೋ ಎಂಬುದು ಬಹುಮಟ್ಟಿಗೆ ಆಯಾ ದೇಶದ ವಿವೇಚನೆಗೆ ಬಿಟ್ಟ ವಿಷಯ. ಮಧ್ಯಪ್ರದೇಶದ ಗ್ವಾಲಿಯರ್ ಬಳಿಯ ಟೇಕನ್‌ಪುರದಲ್ಲಿ ಗಡಿ ಭದ್ರತಾ ಪಡೆಯ ಅಶ್ರುವಾಯು ತಯಾರಿಕಾ ಘಟಕ ಇರುವುದರಿಂದ ನಮಗೂ ಈ ಪ್ರಶ್ನೆ ದೂರದ್ದಲ್ಲ.

ಬಹರೇನ್‌ನ ಟೆಂಡರ್ ಬಯಲಾದಾಗ ಆ ವಿವೇಚನೆಯನ್ನು ಎಚ್ಚರಿಸಿದವರು ಜನಸಾಮಾನ್ಯರು. ಮಾನವ ಹಕ್ಕುಗಳ ಸಂಘಟನೆಗಳು ಚಳವಳಿ ಹೂಡಿದವು. ಕೊರಿಯಾ ಸರ್ಕಾರಕ್ಕೆ ಪತ್ರಗಳ ಸುರಿಮಳೆಯಾಯಿತು. 2014ರ ಜನವರಿಯಲ್ಲಿ ಅಲ್ಲಿನ ರಕ್ಷಣಾ ಖರೀದಿ ಸಂಸ್ಥೆ, ಬಹರೇನ್‌ನ ಅಸ್ಥಿರ ಸ್ಥಿತಿ ಮತ್ತು ಅಶ್ರುವಾಯುವಿನಿಂದಾದ ಸಾವುಗಳನ್ನು ಮುಂದಿಟ್ಟು ಆ ರಫ್ತಿಗೆ ಅನುಮತಿ ನಿರಾಕರಿಸಿತು. ನಿಂತದ್ದು ಒಂದು ದೇಶಕ್ಕೆ ಹೋಗಬೇಕಿದ್ದ ಸರಕು ಮಾತ್ರ, ವ್ಯಾಪಾರವಲ್ಲ.

ಲೀಯ ತಾಯಿ ಬೇ ಉನ್-ಸಿಮ್ ಅದಕ್ಕೂ ಮೊದಲೇ ಬೀದಿಗಿಳಿದಿದ್ದರು. ರಾಜಕೀಯದ ಗಂಧವೇ ಇಲ್ಲದಿದ್ದ ಆ ಗೃಹಿಣಿ, ಮಗನನ್ನು ಕಳೆದುಕೊಂಡ ಮೇಲೆ ಅವನಂತೆಯೇ ಹೋರಾಟದಲ್ಲಿ ಮಡಿದವರ ಕುಟುಂಬಗಳ ಸಂಘಟನೆ ಸೇರಿದರು. 2022ರ ಜನವರಿಯಲ್ಲಿ ಕೊನೆಯುಸಿರೆಳೆಯುವವರೆಗೆ, ಮೂರು ದಶಕಕ್ಕೂ ಹೆಚ್ಚು ಕಾಲ, ಬೇರೆಯವರ ಮಕ್ಕಳ ಪ್ರತಿಭಟನೆಗಳಲ್ಲಿ ಅವರ ಜೊತೆ ನಿಂತರು.